ಬಯಲಲ್ಲೇ ನಡೆಯುವ ಸ್ಪ್ಯಾನಿಷ್ ಪ್ರೀಸ್ಕೂಲ್‌ಗೆ ಮಗುವನ್ನು ಸೇರಿಸಬಹುದೇ? ಏನೇನು ನೋಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮಗುವಿಗೆ ಮೂರೂವರೆ ವರ್ಷ. ಮನೆಯಲ್ಲಿ ಮಾತಾಡುವುದು ಕನ್ನಡ. ಸ್ಪ್ಯಾನಿಷ್ ಯಾರಿಗೂ ಬರುವುದಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಪೂರ್ತಿ ಮರಗಳ ನಡುವೆಯೇ ನಡೆಯುವ ಸ್ಪ್ಯಾನಿಷ್ ಇಮ್ಮರ್ಶನ್ (ಇಡೀ ದಿನಚರಿಯನ್ನು ಸ್ಪ್ಯಾನಿಷ್‌ನಲ್ಲೇ ನಡೆಸುವ) ಪ್ರೀಸ್ಕೂಲ್‌ಗೆ ಸೇರಿಸುವ ಯೋಚನೆ. ಭಾಷೆ ನಿಜವಾಗಿ ಬರುತ್ತದಾ, ಮಳೆ-ಚಳಿಗೆ ಮಗು ತಡೆಯುತ್ತದಾ, ನೋಡಲು ಹೋದಾಗ ಏನನ್ನು ಗಮನಿಸಬೇಕು ಎಂದು ಕೇಳಿದ್ದೀರಿ. ಇಂಥ ಕಾರ್ಯಕ್ರಮಗಳ ದಿನಚರಿ ರೂಪಿಸುವುದು, ಟೀಚರ್‌ಗಳನ್ನು ತಯಾರು ಮಾಡುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮಳೆ-ಚಳಿಯ ಸಮಸ್ಯೆ ಸರಿಯಾದ ಬಟ್ಟೆಯಿಂದ ಬಗೆಹರಿಯುತ್ತದೆ. ಭಾಷೆಯದ್ದು ಅಷ್ಟು ಸಲೀಸಲ್ಲ. ಇಂಥ ಕಡೆಗಳಲ್ಲಿ ಬಹಳಷ್ಟು ಸಲ ಪ್ರಕೃತಿ ಸೊಗಸಾಗಿರುತ್ತದೆ, ಸ್ಪ್ಯಾನಿಷ್ ತೆಳುವಾಗಿರುತ್ತದೆ. ಬಯಲಿಗೆ ಬಿಟ್ಟ ಕೂಡಲೇ ಮಕ್ಕಳು ಚದುರುತ್ತಾರೆ, ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ, ಆ ಆಟದ ಮಾತು ಎಲ್ಲರಿಗೂ ಮೊದಲೇ ಗೊತ್ತಿರುವ ಭಾಷೆಯಲ್ಲೇ ನಡೆಯುತ್ತದೆ. ಕೋಣೆಯಲ್ಲಾದರೆ ಟೀಚರ್ ಎಲ್ಲಿ ನಿಂತು ಮಾತಾಡಿದರೂ ಹನ್ನೆರಡು ಮಕ್ಕಳ ಕಿವಿಗೂ ಬೀಳುತ್ತದೆ. ಹೊರಗೆ ಗಾಳಿ, ಎಲೆಗಳ ಸದ್ದು, ನಾಲ್ಕು ಕಡೆಯ ಕಿರುಚಾಟ. ಐದಾರು ಮೀಟರ್ ಆಚೆ ಸ್ವರ ಕೇಳುತ್ತದೆ, ವ್ಯಂಜನ ಕಳೆದುಹೋಗುತ್ತದೆ. ಮಳೆಕೋಟಿನ ಟೋಪಿ ಎಳೆದುಕೊಂಡಿದ್ದರೆ ಹನಿಗಳ ಪಟಪಟ ಬಿಟ್ಟು ಬೇರೇನೂ ಕೇಳಿಸದು. ಈ ನಷ್ಟವನ್ನು ತುಂಬಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಬೆಳಗ್ಗೆ ಸುತ್ತ ಕೂತು ಹಾಡುವ ಹದಿನೈದು ನಿಮಿಷವಷ್ಟೇ ಸ್ಪ್ಯಾನಿಷ್, ಉಳಿದದ್ದು ಬರೀ ಆಟ. ಆಟ ಕೆಟ್ಟದ್ದೇನಲ್ಲ, ಆದರೆ ನೀವು ಫೀ ಕಟ್ಟುತ್ತಿರುವುದು ಎರಡಕ್ಕೂ.

ಇದಕ್ಕೊಂದು ಹಿನ್ನೆಲೆಯೂ ಇದೆ. ಭಾಷಾ ಇಮ್ಮರ್ಶನ್ ಬೆಳೆದದ್ದು ತರಗತಿಯ ಒಳಗೆ: 1965ರಲ್ಲಿ ಕೆನಡಾದ ಸೇಂಟ್-ಲ್ಯಾಂಬರ್ಟ್‌ನಲ್ಲಿ ಫ್ರೆಂಚ್‌ಗೆ, 1971ರಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಸ್ಪ್ಯಾನಿಷ್‌ಗೆ. ಕಾಡಿನ ಶಿಶುವಿಹಾರದ್ದು ಬೇರೆಯೇ ಪರಂಪರೆ. 1950ರ ದಶಕದ ಡೆನ್ಮಾರ್ಕ್‌ನಲ್ಲಿ ಶುರುವಾಗಿ ಜರ್ಮನಿಗೆ ಹಬ್ಬಿತು. ಇವೆರಡನ್ನು ಹೊಲಿದು ಸೇರಿಸಿದ್ದು ಆಮೇಲೆ. ಹೀಗಾಗಿ ಟೀಚರ್‌ಗಳಲ್ಲಿ ಒಂದು ಕಡೆ ಪಳಗಿದವರು ಸಿಗುತ್ತಾರೆ, ಎರಡೂ ಕಡೆ ಪಳಗಿದವರು ಅಪರೂಪ.

ನೋಡಲು ಹೋದಾಗ ಹೀಗೆ ಮಾಡಿ. ಹಾಡಿನ ಹೊತ್ತಿಗೆ ಹೋಗಬೇಡಿ, ಅದು ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಮಕ್ಕಳು ಚದುರಿ ಆಡುವ ಹೊತ್ತಿಗೆ ಹೋಗಿ. ಒಂದು ಮಗುವನ್ನು ಆರಿಸಿಕೊಳ್ಳಿ, ತೀರ ಚೂಟಿಯೂ ಬೇಡ, ತೀರ ಮೌನಿಯೂ ಬೇಡ. ಇಪ್ಪತ್ತು ನಿಮಿಷ ಆ ಮಗುವಿನ ಮೇಲೇ ಕಣ್ಣಿಡಿ. ದೊಡ್ಡವರು ಹತ್ತಿರ ಬಂದು, ಅದು ಆ ಗಳಿಗೆಯಲ್ಲಿ ಮಾಡುತ್ತಿರುವ ಕೆಲಸದ ಬಗ್ಗೆಯೇ ಸ್ಪ್ಯಾನಿಷ್‌ನಲ್ಲಿ ಮಾತಾಡಿದಾಗಲೆಲ್ಲ ಒಂದು ಗೆರೆ ಎಳೆಯಿರಿ. ನಿಮಗೆ ಅರ್ಥವಾಗಬೇಕಿಲ್ಲ, ಸ್ಪ್ಯಾನಿಷ್ ಎಂದು ಗುರುತು ಸಿಕ್ಕರೆ ಸಾಕು. ಹತ್ತು ಗೆರೆ ದಾಟಿದರೆ ಕೆಲಸ ನಡೆಯುತ್ತಿದೆ. ಎರಡೋ ಮೂರೋ ಆದರೆ ಅದು ಸ್ಪ್ಯಾನಿಷ್ ಹೆಸರಿನ ಕಾಡು ಶಾಲೆ. ಈ ಹತ್ತು ನನ್ನ ಅಂದಾಜಿನ ಅಳತೆ, ಆದರೆ ಒಳ್ಳೆಯ ಕಡೆಗಳನ್ನೂ ಸಾಧಾರಣ ಕಡೆಗಳನ್ನೂ ಸಾಕಷ್ಟು ಚೆನ್ನಾಗಿಯೇ ಬೇರ್ಪಡಿಸುತ್ತದೆ.

ಒಳ್ಳೆಯ ಮಾತು ಹೇಗಿರುತ್ತದೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಮಗು ಕಲ್ಲೊಂದನ್ನು ಎತ್ತಲು ಹೆಣಗುತ್ತಿದೆ. ಟೀಚರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮುಖ ಮಗುವಿನ ಮುಖದ ಮಟ್ಟಕ್ಕೆ ತಂದು, "ಪೇಸಾ ಮೂಚೊ?" ಎನ್ನುತ್ತಾರೆ, ತುಂಬಾ ಭಾರವಾ ಅಂತ. ತಾವೂ ಒಂದು ಕೈ ಹಾಕಿ "ಲೆವಾಂತಾ ಲಾ ಪಿಯೆದ್ರಾ. ದೆಸ್ಪಾಸಿಯೊ." ಎತ್ತು, ನಿಧಾನ. ಕಲ್ಲು ಮೇಲೇಳುತ್ತದೆ, ಕೆಳಗೆ ಎರೆಹುಳ. "ಮೀರಾ, ಉನಾ ಲೊಂಬ್ರಿಸ್!" ಅರ್ಧ ನಿಮಿಷವೂ ಹಿಡಿಯದ ಈ ಮಾತುಕತೆಯಲ್ಲಿ ಭಾರದ ಮಾತು ಬಂದಾಗ ಕೈಯಲ್ಲಿ ಭಾರವಿತ್ತು, ಎತ್ತು ಎಂದಾಗ ತೋಳು ಮೇಲೇಳುತ್ತಿತ್ತು. ಅನುವಾದ ಬೇಕಾಗಲಿಲ್ಲ. ಅದೇ ಟೀಚರ್ ಕಲ್ಲಿನ ಚಿತ್ರದ ಕಾರ್ಡ್ ಹಿಡಿದು "ಪಿಯೆದ್ರಾ, ಎಲ್ಲರೂ ಹೇಳಿ" ಎಂದರೆ ಮಗುವಿಗೆ ಒಂದು ನಾಮಪದ ಸಿಗುತ್ತದೆ, ವಾಕ್ಯ ಸಿಗುವುದಿಲ್ಲ. ಕಾಡಿಗೆ ಬಂದು ಕಾರ್ಡ್ ತೋರಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇನ್ನೊಂದು ಪರೀಕ್ಷೆ ಬೂಟು ಹಾಕುವ ಹೊತ್ತು. ಹನ್ನೆರಡು ಮಕ್ಕಳಿಗೆ ಬೂಟು, ಮಳೆಪ್ಯಾಂಟು ಹಾಕಿಸಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ದಿನದ ಅತ್ಯಂತ ಸಮೃದ್ಧ ಭಾಷಾಪಾಠ ಇದೇ. ಸಿಯೆಂತಾತೆ (ಕೂತ್ಕೊ), ಮೇತೆ ಎಲ್ ಪಿಯೆ (ಕಾಲು ತೂರಿಸು), ಹಾಲಾ (ಎಳೆ), ಆವೊರಾ ಎಲ್ ಒತ್ರೊ (ಈಗ ಇನ್ನೊಂದು). ಪ್ರತಿದಿನ ಅದೇ ಕ್ರಮ, ಅದೇ ಪದ, ಒಂದೊಂದು ಮಾತಿಗೂ ಒಂದೊಂದು ಚಲನೆ. ಕೈ ತೊಳೆಯುವುದು, ತಲೆ ಎಣಿಸುವುದು, ತಿಂಡಿ ಡಬ್ಬಿ ಬಿಚ್ಚುವುದು, ಚೀಲ ಹೇರಿಕೊಳ್ಳುವುದೂ ಹೀಗೆಯೇ. ಅವಸರದ ಟೀಚರ್ ಬಾಯಿ ಬಿಡದೆ ಹನ್ನೆರಡು ಜೊತೆ ಬೂಟು ಎಳೆದು ಹಾಕಿ, ಆಮೇಲೆ ಬಣ್ಣಗಳ ಹೆಸರು ಕಲಿಸಲು ಕೂರುತ್ತಾರೆ. ಅಲ್ಲಿ ಲೆಕ್ಕ ತಪ್ಪುತ್ತದೆ.

ಜಾಗವೂ ಪದೇ ಪದೇ ಅದೇ ಆಗಿರಬೇಕು. ವಾರಕ್ಕೊಂದು ಹೊಸ ಹಾದಿ, ಹೊಸ ತೊರೆ ಎಂದು ಸುತ್ತಿಸುವುದು ಫೋಟೊಗೆ ಚೆಂದ, ಭಾಷೆಗೆ ನಷ್ಟ. ಬಿದ್ದ ಮರದ ದಿಮ್ಮಿ, ನೀರು ನಿಲ್ಲುವ ಗುಂಡಿ, ಮಣ್ಣು ಅಗೆಯುವ ಮೂಲೆ, ಹೀಗೆ ಮೂರು ನಾಲ್ಕು ಠಿಕಾಣಿ ಸಾಕು. ಒಂದೊಂದಕ್ಕೂ ಎಂಟು ಹತ್ತು ಕ್ರಿಯಾಪದ: ಗುಂಡಿಯ ಹತ್ತಿರ ಜಿಗಿ, ತುಳಿ, ತುಂಬು, ಸುರಿ, ಕಲಕು, ದಿಮ್ಮಿಯ ಮೇಲೆ ಹತ್ತು, ಇಳಿ, ಹಿಡ್ಕೊ, ನಿಧಾನ, ದಾಟು. ಆರು ವಾರ ಅದೇ ಗುಂಡಿಯಲ್ಲಿ ಜಿಗಿದ ಮಗು ಏಳನೆಯ ವಾರ ತಾನೇ "ಸಾಲ್ತಾ!" ಎಂದು ಪಕ್ಕದ ಮಗುವಿಗೆ ಅಪ್ಪಣೆ ಕೊಡುವುದು ಸಾಮಾನ್ಯ.

ಈಗ ಗಂಟೆಗಳ ಲೆಕ್ಕ. ಮೂರು ದಿನ, ನಾಲ್ಕು ಗಂಟೆ, ಅಂದರೆ ವಾರಕ್ಕೆ 12. ದಿನಕ್ಕೆ ಸುಮಾರು ಹನ್ನೆರಡು ಗಂಟೆ ಎಚ್ಚರವಿರುವ ಮಗುವಿಗೆ ವಾರದಲ್ಲಿ 84 ಗಂಟೆ. ಸ್ಪ್ಯಾನಿಷ್‌ನ ಪಾಲು ಏಳರಲ್ಲಿ ಒಂದು, ಅದೂ ಟೀಚರ್‌ಗಳು ಒಂದು ಗಂಟೆಯೂ ಭಾಷೆ ಬಿಡದಿದ್ದರೆ. 36 ವಾರದ ಶಾಲಾ ವರ್ಷಕ್ಕೆ 432 ಗಂಟೆ. ಇಷ್ಟರಲ್ಲಿ ಏನು ನಿರೀಕ್ಷಿಸಬಹುದು? ಮೊದಲ ಒಂದೆರಡು ತಿಂಗಳು ಮಗು ಬಾಯಿ ಬಿಡುವುದೇ ಇಲ್ಲ, ಬೇರೆ ಮಕ್ಕಳನ್ನು ನೋಡಿ ಅನುಕರಿಸುತ್ತದೆ. ಆ ಮೌನ ಸಹಜ. ಕೆಲವು ಮಕ್ಕಳಲ್ಲಿ ಅರ್ಧ ವರ್ಷದವರೆಗೂ ಇರುತ್ತದೆ. ಆಮೇಲೆ ಇಡಿಯಾಗಿ ನುಂಗಿದ ತುಣುಕುಗಳು ಹೊರಬೀಳುತ್ತವೆ: ಮಾಸ್ ಆಗ್ವಾ (ಇನ್ನೂ ನೀರು), ನೊ ಕಿಯೇರೊ (ನಂಗೆ ಬೇಡ), ಎಸ್ ಮೀಯೊ (ಇದು ನಂದು). ವರ್ಷದ ಕೊನೆಗೆ ದಿನಚರಿಯ ಮಾತು ಬಹುಪಾಲು ಅರ್ಥವಾಗುತ್ತದೆ, ಆಡುವ ಮಾತು ಬೆರಕೆಯಾಗಿರುತ್ತದೆ. "ಒಂದೇ ವರ್ಷದಲ್ಲಿ ನಿರರ್ಗಳ" ಎಂದು ಬರೆದುಕೊಂಡವರ ಮಾತು ನಂಬಬೇಡಿ. ವಾರಕ್ಕೆ ಎರಡೇ ಗಂಟೆಯ ತರಗತಿಗಳಿಂದ ಹಾಡು, ಬಣ್ಣ, ಎಣಿಕೆಗಿಂತ ಹೆಚ್ಚೇನೂ ಬಾರದು.

ಎರಡು ಮೂರು ಭಾಷೆಯಿಂದ ಮಗು ಗೊಂದಲಗೊಂಡು ಮಾತು ತಡವಾಗುತ್ತದೆ ಎಂಬ ಭಯ ಬೇಡ. ಹಲವು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮಗು ಕನ್ನಡದಲ್ಲೂ ತನ್ನ ವಯಸ್ಸಿನವರಿಗಿಂತ ಬಹಳ ಹಿಂದಿದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಅದಕ್ಕೆ ಸ್ಪ್ಯಾನಿಷ್ ಬಿಡಿಸುವುದು ಮದ್ದಲ್ಲ. ಮನೆಯಲ್ಲಿ ನೀವು ಆ್ಯಪ್ ನೋಡಿ ಕಲಿತ ಸ್ಪ್ಯಾನಿಷ್ ಆಡಿಸಲು ಹೋಗಬೇಡಿ, ಧಾರಾಳವಾಗಿ ಕನ್ನಡ ಮಾತಾಡಿ. ಇನ್ನು "ಕಾರ್ಟೂನ್ ಹಾಕಿದರೆ ಸಾಲದೇ" ಎಂಬವರಿಗೆ: 2003ರಲ್ಲಿ ಸಂಶೋಧಕಿ ಪ್ಯಾಟ್ರಿಷಿಯಾ ಕುಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ 9 ತಿಂಗಳ ಅಮೆರಿಕನ್ ಕೂಸುಗಳಿಗೆ 25 ನಿಮಿಷದಂತೆ 12 ಬಾರಿ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಡಿಸಿದವರಿಂದ ಕೇಳಿದ ಕೂಸುಗಳು ಆ ಭಾಷೆಯ ಧ್ವನಿಭೇದ ಗುರುತಿಸಿದವು. ಅದನ್ನೇ ಪರದೆಯಲ್ಲಿ ನೋಡಿದ ಕೂಸುಗಳಿಗೆ ಬರಲಿಲ್ಲ. ಮೂರೂವರೆ ವರ್ಷದ ಮಗುವಿಗೆ ಅದನ್ನು ಹಾಗೇ ಅನ್ವಯಿಸಲಾಗದು, ಆದರೂ ನಾನು ಎದುರಿನ ಮನುಷ್ಯರ ಕಡೆಗೇ.

ಟೀಚರ್ ಬಗ್ಗೆ. ಮಾತೃಭಾಷೆ ಸ್ಪ್ಯಾನಿಷ್ ಆಗಿರಲೇಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಗಾಯದ ಹಕ್ಕಳೆ, ಕಚಗುಳಿ, ಅಂಟಂಟು, ಬಿಕ್ಕಳಿಕೆ, ಇವುಗಳ ಬಗ್ಗೆ ಮೂರು ವರ್ಷದ ಮಗುವಿನ ಜೊತೆ ತಡವರಿಸದೆ ಮಾತಾಡಬಲ್ಲರೇ ಎಂಬುದು ಮುಖ್ಯ. ಕಾಲೇಜಿನಲ್ಲಿ ಭಾಷೆ ಕಲಿತವರು ಸಿಕ್ಕಿಬೀಳುವುದು ಇಲ್ಲೇ. ಸ್ಪ್ಯಾನಿಷ್ ಬಲ್ಲ ಸ್ನೇಹಿತರಿದ್ದರೆ ಭೇಟಿಗೆ ಕರೆದೊಯ್ಯಿರಿ. ಬೇರೆ ಬೇರೆ ದೇಶದ ಟೀಚರ್‌ಗಳಿದ್ದರೆ ಪದಗಳು ಬೇರೆ ಇರುತ್ತವೆ: ಲೇಡಿಬಗ್ ಒಂದು ಕಡೆ ಮರಿಕೀತಾ, ಮೆಕ್ಸಿಕೊದಲ್ಲಿ ಕತಾರಿನಾ. ಹುಳದ ಹೆಸರು ಎರಡಿದ್ದರೆ ನಷ್ಟವಿಲ್ಲ. ಆದರೆ ಸ್ಪೇನ್‌ನಲ್ಲಿ "ತೆಗೆದುಕೊ" ಎನ್ನಲು ದಿನವಿಡೀ ಬಳಸುವ ಕೊಹೇರ್ ಮೆಕ್ಸಿಕೊ, ಅರ್ಜೆಂಟೀನಾದ ಕಡೆ ಅಶ್ಲೀಲ, ಹಾಗಾಗಿ ತಂಡಗಳು ಅಗಾರ್ರಾ ಎಂಬುದಕ್ಕೆ ಒಪ್ಪಿಕೊಳ್ಳುವುದು ವಾಸಿ.

ಸುರಕ್ಷತೆಯ ಆಜ್ಞೆಗಳಲ್ಲಿ ಮಾತ್ರ ಒಂದು ಕೆಲಸಕ್ಕೆ ಒಂದೇ ಪದ ಇರಬೇಕು. ನಿಲ್ಲು ಎನ್ನಲು ಬಹಳ ಕಡೆ "ಪಾರಾ" ಎನ್ನುತ್ತಾರೆ. ಅದೇ ಪದ "ಗೋಸ್ಕರ" ಎಂಬ ಅರ್ಥದಲ್ಲಿ ಇಡೀ ದಿನ ಕಿವಿಗೆ ಬೀಳುತ್ತಿರುತ್ತದೆ, ಹಾಗಾಗಿ ನನ್ನ ಮತ "ಆಲ್ತೊ"ಗೆ. ಮೊದಲ ಎರಡು ವಾರ ದಿನಕ್ಕೆ ಐದು ನಿಮಿಷ ನಡೆ-ನಿಲ್ಲು ಆಟ ಆಡಿಸಿ ಅದನ್ನು ಮೈಗೆ ಹತ್ತಿಸಬೇಕು. ಹದಿನೈದು ಮೀಟರ್ ದೂರದಿಂದ ಕೂಗಿದಾಗ ಎಲ್ಲರೂ ಮೂರು ಸೆಕೆಂಡಿನಲ್ಲಿ ನಿಲ್ಲುತ್ತಾರಾ ನೋಡಿ. ಗಾಯ, ಕಚ್ಚಿದ ಹುಳ, ಅಲರ್ಜಿ, ಒದ್ದೆಯಾದ ಚಡ್ಡಿ, ಅಮ್ಮ ಬೇಕೆಂಬ ಅಳು, ಇಂಥ ಹೊತ್ತಿನಲ್ಲಿ ಮಗುವಿಗೆ ಗೊತ್ತಿರುವ ಭಾಷೆಯಲ್ಲೇ ಮಾತಾಡಬೇಕು. ಅಳುವ ಮಗುವಿನ ಮುಂದೆಯೂ ನಿಯಮವೆಂದು ಸ್ಪ್ಯಾನಿಷ್ ಬಿಡದವರ ಕಡೆಗೆ ಮಗುವನ್ನು ಕಳಿಸಬೇಡಿ. ನಿಮ್ಮ ಮಗುವಿಗೆ ಕನ್ನಡ ಮಾತ್ರ ಬರುತ್ತಿದ್ದರೆ ನೀರು, ನೋವು, ಉಚ್ಚೆ, ಅಮ್ಮ, ಭಯ, ಈ ಐದು ಪದ ಕನ್ನಡದಲ್ಲಿ ಹೇಗೆ ಎಂದು ಟೀಚರ್‌ಗೆ ಬರೆದುಕೊಡಿ. ಶೌಚಕ್ಕೆ ಕೈಸನ್ನೆಯೊಂದನ್ನು ಮೊದಲ ದಿನವೇ ಕಲಿಸಲಿ.

ಒಬ್ಬ ದೊಡ್ಡವರಿಗೆ ನಾಲ್ಕರಿಂದ ಆರು ಮಕ್ಕಳು, ಅದಕ್ಕಿಂತ ಹೆಚ್ಚು ಬೇಡ. ಕಾವಲಿಗೂ ಇದು ಬೇಕು, ಮಾತಿಗೂ ಬೇಕು. ಆ ದೊಡ್ಡವರಲ್ಲಿ ಸ್ಪ್ಯಾನಿಷ್ ಬಾರದ ಸ್ವಯಂಸೇವಕ ಒಬ್ಬರಿದ್ದರೂ ಮಕ್ಕಳು ಸುಲಭದ ದಾರಿ ಹಿಡಿದು ಅವರ ಸುತ್ತಲೇ ನೆರೆಯುತ್ತಾರೆ.

ಬಟ್ಟೆ: ಚಳಿಯಲ್ಲಿ ಮೈಗೆ ಹತ್ತುವ ಪದರ ಹತ್ತಿ ಬೇಡ, ಒದ್ದೆಯಾದರೆ ಆರುವುದಿಲ್ಲ. ಉಣ್ಣೆ ಅಥವಾ ಸಿಂಥೆಟಿಕ್, ಮೇಲೆ ಬೆಚ್ಚನೆಯದ್ದು, ಅದರ ಮೇಲೆ ನೀರು ಇಳಿಯದ್ದು. ಮಳೆಪ್ಯಾಂಟು ಬೂಟಿನ ಹೊರಗಿರಲಿ. ಒಳಗೆ ತುರುಕಿದರೆ ನೀರು ನೇರ ಕಾಲ್ಚೀಲಕ್ಕೆ. ಬಿಗಿ ಬೂಟಿಗೆ ಎರಡು ಕಾಲ್ಚೀಲ ತುರುಕಿದರೆ ಬೆಚ್ಚಗಿಡುವ ಗಾಳಿಯ ಪದರವೇ ಇರದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ ಜಿಪ್ ಕವರಿನಲ್ಲಿರಲಿ. ಗುಡುಗು ಕೇಳಿಸಿದರೆ ಭದ್ರವಾದ ಕಟ್ಟಡದ ಒಳಗೆ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು. ಆ ಕಟ್ಟಡ ಎಲ್ಲಿದೆ, ನಡೆದು ತಲುಪಲು ಎಷ್ಟು ಹೊತ್ತು ಎಂದು ಕೇಳಿ. ಜೋರು ಗಾಳಿಯ ಮರುದಿನ ಒಣಕೊಂಬೆ ಪರಿಶೀಲಿಸುವವರು ಯಾರೆಂದೂ ಕೇಳಿ. ಕೈ ತೊಳೆಯಲು ಸೋಪು-ನೀರೇ ಬೇಕು, ಕೆಸರಿನ ಕೈಗೆ ಸ್ಯಾನಿಟೈಸರ್ ಕೆಲಸ ಮಾಡದು. ಮನೆಗೆ ಬಂದ ಮೇಲೆ ಕಿವಿ ಹಿಂದೆ, ಕಂಕುಳು, ಮಂಡಿಯ ಹಿಂಭಾಗದಲ್ಲಿ ರಕ್ತ ಹೀರುವ ಉಣುಗು (ಟಿಕ್) ಇದೆಯಾ ನೋಡಿ.

ಸೇರಿಸಿದ ಮೇಲೆ "ಇವತ್ತು ಸ್ಪ್ಯಾನಿಷ್‌ನಲ್ಲಿ ಏನು ಕಲಿತೆ, ಹೇಳು" ಎಂದು ಮಗುವನ್ನು ಪೀಡಿಸಬೇಡಿ, ಆ ವಯಸ್ಸಿಗೆ ಅದಕ್ಕೆ ಉತ್ತರವಿಲ್ಲ. ಬದಲಿಗೆ ಹನ್ನೆರಡನೆಯ ವಾರದ ಹೊತ್ತಿಗೆ ಟೀಚರ್‌ಗೆ ಒಂದು ಪರೀಕ್ಷೆ ಮಾಡಲು ಹೇಳಿ. ಬೇರೆ ಮಕ್ಕಳಿಲ್ಲದಾಗ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬೂಟಿನ ಕಡೆ ನೋಡದೆ "ತ್ರಾಯೆ ತುಸ್ ಬೋತಾಸ್" (ನಿನ್ನ ಬೂಟು ತಾ) ಎನ್ನಲಿ. ಮಗು ಹೋಗಿ ತನ್ನ ಬೂಟು ತಂದರೆ, ಒಂದು ಮಾತೂ ಆಡದಿದ್ದರೂ, ಭಾಷೆ ಒಳಗಿಳಿಯುತ್ತಿದೆ. ಸುಮ್ಮನೆ ಮುಖ ನೋಡುತ್ತ ನಿಂತರೆ ಇಷ್ಟು ದಿನ ಸನ್ನೆ ನೋಡಿ, ಪಕ್ಕದವರನ್ನು ನೋಡಿ ನಡೆಸಿಕೊಂಡು ಬಂದಿದೆ ಎಂದರ್ಥ. ಆಗ ಇನ್ನೊಮ್ಮೆ ಹೋಗಿ, ಈ ಸಲ ನಿಮ್ಮ ಮಗುವಿನ ಮೇಲೇ ಇಪ್ಪತ್ತು ನಿಮಿಷ ಕಣ್ಣಿಟ್ಟು ಗೆರೆ ಎಳೆಯಿರಿ. ಗೆರೆಗಳು ಕಡಿಮೆಯಿದ್ದರೆ ಟೀಚರ್‌ಗೆ ಆ ಹಾಳೆ ತೋರಿಸಿ ಮಾತಾಡಿ. ಗೆರೆಗಳು ಸಾಕಷ್ಟಿದ್ದರೆ ಇನ್ನೆರಡು ತಿಂಗಳು ಕಾಯಿರಿ.