ಲೇಟೆಕ್ ಅಪ್‌ಡೇಟ್ ಮಾಡಿದ ಮೇಲೆ ಲಿಕ್ಸ್‌ನಲ್ಲಿ ಹಳೆಯ ಫೈಲಿನಿಂದ ಪಿಡಿಎಫ್ ಬರುತ್ತಿಲ್ಲ, ಏಕೆ?

ಬಹುಶಃ ತಪ್ಪು ನಿಮ್ಮದಲ್ಲ. ಲಿಕ್ಸ್ ಬರೆಯಲು ಬಳಸುವ ತಂತ್ರಾಂಶ, ಅದು ತಾನಾಗಿ ಪುಟ ಜೋಡಿಸುವುದಿಲ್ಲ. ನೀವು ಬರೆದದ್ದನ್ನು ಲೇಟೆಕ್ ಕೋಡ್ ಮಾಡಿ, ಕಂಪ್ಯೂಟರಿನಲ್ಲಿರುವ, ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್ ಕೈಗೆ ಕೊಡುತ್ತದೆ, ಅಷ್ಟೇ. ಆ ಕೋಡಿನ ಶುರುವಿನ ಸಾಲುಗಳನ್ನು ಬರೆಯುವುದು ಲಿಕ್ಸೇ. ತಾನು ತಯಾರಾದಾಗ ಪ್ಯಾಕೇಜುಗಳು (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳು) ಹೇಗಿದ್ದವೋ ಈಗಲೂ ಹಾಗೇ ಇವೆ ಅಂತ ಅದು ನಂಬಿಕೊಂಡಿರುತ್ತದೆ. ಆದರೆ ಲೇಟೆಕ್ ಮತ್ತು ಪ್ಯಾಕೇಜುಗಳನ್ನು ಒಟ್ಟಿಗೆ ಕೊಡುವ ಟೆಕ್ ಲೈವ್ ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ, ನಡುವೆ ಪ್ಯಾಕೇಜುಗಳು ಹೆಚ್ಚುಕಡಿಮೆ ದಿನಾ ಬದಲಾಗುತ್ತಿರುತ್ತವೆ. ಉದಾಹರಣೆಗೆ, 2018ರಲ್ಲಿ ಲೇಟೆಕ್ ಯುಟಿಎಫ್-8 ಎಂಬ ಎನ್‌ಕೋಡಿಂಗನ್ನೇ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ವಿಧಾನ) ಡಿಫಾಲ್ಟ್ ಮಾಡಿತು. ಬೇರೆ ಎನ್‌ಕೋಡಿಂಗಿನಲ್ಲಿದ್ದು, ಅದು ಯಾವುದೆಂದು ಹೇಳದೆ ಬಿಟ್ಟಿದ್ದ ಹಳೆಯ ಫೈಲುಗಳು ಆಗ ಕೈಕೊಟ್ಟವು.

ಮೊದಲು ಲಿಕ್ಸ್‌ನ ಟೂಲ್ಸ್ ಮೆನುವಿನಲ್ಲಿ ರೀಕಾನ್ಫಿಗರ್ ಒತ್ತಿ, ಒಮ್ಮೆ ಮುಚ್ಚಿ ತೆರೆಯಿರಿ. ಎಷ್ಟೋ ಸಲ ಇಷ್ಟೇ ಸಾಕು. ಸರಿಹೋಗದಿದ್ದರೆ ಲೇಟೆಕ್ ತನ್ನ ಕೆಲಸದ ಬಗ್ಗೆ ಬರೆದಿಡುವ ಲಾಗ್ ತೆರೆದು ಮೊದಲ ಎರರ್ ಮಾತ್ರ ಓದಿ. ಉಳಿದವು ಜಾಸ್ತಿ ಅದರ ಬಾಲವೇ, ಸುಮ್ನೆ ತಲೆಕೆಡಿಸಿಕೊಳ್ಳಬೇಡಿ. ಅಲ್ಲಿ ಕಂಡ ಪ್ಯಾಕೇಜಿಗೆ ಲಿಕ್ಸ್‌ನ ಹೊಸ ಆವೃತ್ತಿಯಲ್ಲಿ ಪರಿಹಾರ ಸಿಕ್ಕಿರಬಹುದು.

ಥೀಸಿಸ್ ಕೊಡಲು ವಾರವಷ್ಟೇ ಉಳಿದಿದೆಯಾ? ಹಾಗಿದ್ದರೆ ಹಿಂದಿನ ವರ್ಷದ ಟೆಕ್ ಲೈವ್‌ಗೇ ಮರಳಿ. ಸಾಮಾನ್ಯವಾಗಿ ಪ್ರತಿ ವರ್ಷದ್ದೂ ಬೇರೆ ಫೋಲ್ಡರಿನಲ್ಲಿರುತ್ತದೆ. ಅಳಿಸಿಲ್ಲವೆಂದರೆ ಲಿಕ್ಸ್‌ನ ಪಾತ್ ಸೆಟ್ಟಿಂಗಿನಲ್ಲಿ ಆ ಫೋಲ್ಡರನ್ನು ತೋರಿಸಿ, ಮತ್ತೆ ರೀಕಾನ್ಫಿಗರ್ ಮಾಡಿ.