ಒಣಗಿದ ಬಟ್ಟೆಯನ್ನು ಬೀರುವಿನಲ್ಲಿ ಇಡುವ ಮೊದಲು ಮತ್ತೆ ಗಾಳಿಗೆ ಹರವಬೇಕೇ?

ಬಯಲುಸೀಮೆಯ ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ್ದರೆ ಬೇಕಿಲ್ಲ. ಬಿಸಿ ಆರಿದ ಮೇಲೆ ಮಡಚಿಡಿ, ಸಾಕು. ಮಳೆಗಾಲದ ಕರಾವಳಿ, ಮಲೆನಾಡಿನ ಮಾತು ಬೇರೆ. ಹತ್ತಿ ಬಟ್ಟೆ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ: 65% ಆರ್ದ್ರತೆಯಲ್ಲೇ ಒಣತೂಕದ ಸುಮಾರು 7–8% ನೀರು ಅದರಲ್ಲಿರುತ್ತದೆ. ಪಾಲಿಯೆಸ್ಟರ್‌ನಲ್ಲಿ ಬರೀ 0.4%. ಮುಗ್ಗಲು ವಾಸನೆ ಮೊದಲು ಪಂಚೆ, ಟವೆಲ್ಲಿಗೇ ಹಿಡಿಯುವುದು ಅದಕ್ಕೆ.

ಜೀನ್ಸಿನ ಜೇಬು, ಸೊಂಟಪಟ್ಟಿ, ದಪ್ಪ ಹೊಲಿಗೆ ಕೊನೆಗೆ ಒಣಗುತ್ತವೆ. ಅಲ್ಲಿ ಕೆನ್ನೆಗೊತ್ತಿ ನೋಡಿ. ತಣ್ಣಗೆನಿಸಿದರೆ ಇನ್ನೂ ಪಸೆಯಿದೆ, ಫ್ಯಾನಿನ ಕೆಳಗೆ ಒಂದೆರಡು ಗಂಟೆ ಹರವಿ. ಹೊರಗೆ ಮಳೆ ಹೊಯ್ಯುವಾಗ ಕಿಟಕಿ ತೆರೆದಿಟ್ಟು ಲಾಭವಿಲ್ಲ. ನೀರು ಚಿಮುಕಿಸಿ ಇಸ್ತ್ರಿ ಮಾಡಿದ್ದರಲ್ಲೂ ತೇವ ಉಳಿದಿರುತ್ತದೆ. ನಾನಂತೂ ಬಿಸಿಬಿಸಿಯಾಗೇ ಬೀರುವಿಗೆ ತುರುಕುತ್ತಿದ್ದದ್ದು ಅದನ್ನೇ!