ಎಡಿಟರ್ ಬದಲಿಸುವ ಮೊದಲು ಇದನ್ನು ನೋಡಿ

8 ಜಿಬಿ ರ‍್ಯಾಮ್‌ನಲ್ಲಿ ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ ನಿಧಾನ, ಚುಕ್ಕೆ ಒತ್ತಿದರೆ ಮುಂದಿನ ಕೋಡ್‌ನ ಸಜೆಶನ್ ತಡವಾಗಿ ಬರುತ್ತದೆ, ಹಗುರವಾದ ನಿಯೋವಿಮ್ ಎಡಿಟರ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ವಿಎಸ್ ಕೋಡ್ ನಿಂತಿರುವುದು ಎಲೆಕ್ಟ್ರಾನ್ ಮೇಲೆ, ಅಂದರೆ ವೆಬ್ ತಂತ್ರಜ್ಞಾನದಿಂದ ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ಚೌಕಟ್ಟಿನ ಮೇಲೆ. ಒಳಗೆ ಕ್ರೋಮಿಯಂ ಬ್ರೌಸರ್ ಓಡುತ್ತಿರುತ್ತದೆ, ಹಾಗಾಗಿ ಮೆಮೊರಿ ಜಾಸ್ತಿ ತಿನ್ನುತ್ತದೆ ನಿಜ. ಆದರೆ ಸಜೆಶನ್ ತಡವಾಗುವುದಕ್ಕೆ ನನಗೆ ಮೊದಲ ಅನುಮಾನ ಎಕ್ಸ್‌ಟೆನ್ಶನ್‌ಗಳ ಮೇಲೆ, ಅಂದರೆ ಎಡಿಟರ್‌ಗೆ ನಾವು ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳ ಮೇಲೆ. ಸಾಮಾನ್ಯವಾಗಿ ಅವೆಲ್ಲ ಒಂದೇ ಪ್ರೋಸೆಸ್‌ನಲ್ಲಿ ಓಡುತ್ತವೆ. ಒಂದು ಸಿಕ್ಕಿಕೊಂಡರೆ ಉಳಿದವೂ ಕಾಯಬೇಕು, ಅಲ್ವಾ?

ವಿಎಸ್ ಕೋಡ್‌ನಲ್ಲಿ ಆದೇಶ ಟೈಪ್ ಮಾಡುವ ಪೆಟ್ಟಿಗೆ, ಅಂದರೆ ಕಮಾಂಡ್ ಪ್ಯಾಲೆಟ್‌ನಲ್ಲಿ 'ಶೋ ರನ್ನಿಂಗ್ ಎಕ್ಸ್‌ಟೆನ್ಶನ್ಸ್' ಕೊಡಿ. ಪ್ರತಿಯೊಂದೂ ಶುರುವಾಗಲು ಹಿಡಿದ ಸಮಯ ಮಿಲಿಸೆಕೆಂಡ್‌ನಲ್ಲಿ ಕಾಣುತ್ತದೆ. ಎಂದೋ ಹಾಕಿ ಮರೆತಿದ್ದ ಒಂದು ಎಕ್ಸ್‌ಟೆನ್ಶನ್ ನನ್ನ ಪಟ್ಟಿಯಲ್ಲಿ ಎದ್ದು ಕಾಣುತ್ತಿತ್ತು. ಅದನ್ನು ತೆಗೆದ ಮೇಲೆ ಚುಕ್ಕೆ ಒತ್ತಿದ ಕೂಡಲೇ ಸಜೆಶನ್ ಬರತೊಡಗಿತು.

ಇನ್ನೊಂದು ಮಾತು. ಟೈಪ್‌ಸ್ಕ್ರಿಪ್ಟ್ ಭಾಷೆಯ ಸಜೆಶನ್‌ಗೆ ನಿಯೋವಿಮ್‌ನಲ್ಲೂ ಲ್ಯಾಂಗ್ವೇಜ್ ಸರ್ವರ್ (ಕೋಡ್ ಓದಿ ಸಜೆಶನ್ ಕೊಡುವ ಪ್ರತ್ಯೇಕ ಪ್ರೋಗ್ರಾಮ್) ಬೇಕೇ ಬೇಕು. ಎಡಿಟರ್ ಹಗುರವಾದರೂ ಆ ಸರ್ವರ್ ಹಗುರವಾಗುವುದಿಲ್ಲ.